ಧೂಳಿನ ಕೆಲಸ ಬಿಟ್ಟು ಐದು ವರ್ಷ ಆಯ್ತು, ಈಗ್ಯಾಕೆ ತಪಾಸಣೆ?

ಪ್ರಶ್ನೆ: ಡಾಕ್ಟರೇ, ನಮ್ಮದು ದಾವಣಗೆರೆ. ಅಪ್ಪನಿಗೆ ಈಗ 61 ವರ್ಷ. ಸಣ್ಣ ವಯಸ್ಸಲ್ಲೇ ಚಿತ್ರದುರ್ಗದ ಹತ್ತಿರ ಜಲ್ಲಿ ಕ್ರಷರ್‌ನಲ್ಲಿ ಕೆಲಸಕ್ಕೆ ಸೇರಿದ್ದರು. ಆಮೇಲೆ ಹೈವೇ ಕೆಲಸದಲ್ಲಿ ಬಂಡೆಗೆ ಡ್ರಿಲ್ ಹೊಡೆಯುತ್ತಿದ್ದರು. ದಾವಣಗೆರೆಗೆ ಬಂದ ಮೇಲೆ ಸುಮಾರು 20 ವರ್ಷ ಮನೆ ಕಟ್ಟುವ ಕೆಲಸ. ಗಾರೆ, ಟೈಲ್ಸ್, ಗ್ರಾನೈಟ್ ಕಟಿಂಗ್, ಸಿಮೆಂಟ್ ಶೀಟ್ ಹೊದಿಸುವುದು, ಎಲ್ಲಾ ಮಾಡಿದ್ದಾರೆ. ಅಮ್ಮನೂ ಕೆಲವು ವರ್ಷ ಅವರ ಜೊತೆ ಹೆಲ್ಪರ್ ಆಗಿ ಹೋಗುತ್ತಿದ್ದರು. ಮಂಡಿನೋವು ಅಂತ ಅಪ್ಪ ಐದು ವರ್ಷದ ಹಿಂದೆ ಕೆಲಸ ಬಿಟ್ಟರು. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರು, ಅದನ್ನೂ ಬಿಟ್ಟು ಮೂರು ವರ್ಷ ಆಯ್ತು. ಈಗ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತೆ. ಬೆಳಿಗ್ಗೆ ಕೆಮ್ಮು. ಟಿವಿ ಸೌಂಡ್ ಜಾಸ್ತಿ ಇಟ್ಟುಕೊಳ್ಳುತ್ತಾರೆ. ಎಕ್ಸ್‌ರೇ ಮಾಡಿಸಿದಾಗ ‘ಹಳೇ ಟಿಬಿ ಕಲೆ ಇರಬಹುದು’ ಅಂದರು. ಆದರೆ ಅಪ್ಪನಿಗೆ ಟಿಬಿ ಆಗಿದ್ದೇ ಇಲ್ಲ. ಅವರ ಜೊತೆ ಕ್ರಷರ್‌ನಲ್ಲಿದ್ದ ಒಬ್ಬರು ಎರಡು ಸಲ ಟಿಬಿ ಮಾತ್ರೆ ತಗೊಂಡರೂ ವಾಸಿಯಾಗದೆ ಹೋದ ವರ್ಷ ತೀರಿಕೊಂಡರು. ಅವತ್ತಿಂದ ನನಗೆ ನಿದ್ದೆ ಇಲ್ಲ. ಅಪ್ಪ ಮಾತ್ರ ‘ಕೆಲಸ ಬಿಟ್ಟಾಯ್ತಲ್ಲ, ಇನ್ನೇನು ಟೆಸ್ಟು’ ಅಂತಾರೆ. ಲ್ಯಾಬ್‌ನವರ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಮಾಡಿಸಲಾ? ಸಿಟಿ ಸ್ಕ್ಯಾನ್ ಮಾಡಿಸಿದರೆ ಅದರಿಂದಲೇ ಕ್ಯಾನ್ಸರ್ ಬರುತ್ತೆ ಅಂತಾರೆ, ನಿಜಾನಾ? ಲೇಬರ್ ಕಾರ್ಡಿನಿಂದ ಏನಾದರೂ ಸಹಾಯ ಸಿಗುತ್ತಾ?

ಉತ್ತರ: ನೀವು ಪ್ಯಾಕೇಜ್, ಸಿಟಿ, ಕಾರ್ಡ್ ಅಂತ ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಪತ್ರದ ಒಳಗಿರುವ ಭಯ ಒಂದೇ. ಅಪ್ಪನ ಗೆಳೆಯರಿಗೆ ಆದದ್ದು ಅಪ್ಪನಿಗೂ ಆಗುತ್ತಾ ಅನ್ನೋದು. ಹಾಗೇ ಆಗುತ್ತೆ ಅಂತ ಈಗ ಹೇಳೋಕೆ ಯಾವ ಆಧಾರವೂ ಇಲ್ಲ. ಆದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ, ಸುಮ್ನೆ ಬಿಡುವ ವಿಷಯ ಅಲ್ಲ. ಅಪ್ಪನಿಗೆ ತಪಾಸಣೆ ಮಾಡಿಸಲೇಬೇಕು.

ಆ ತಪಾಸಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದನ್ನು ನೀವು ಆಗಲೇ ಅರ್ಧ ಮಾಡಿದ್ದೀರಿ. ಅಪ್ಪ ಎಲ್ಲೆಲ್ಲಿ, ಏನೇನು ಕೆಲಸ ಮಾಡಿದರು ಅಂತ ಬರೆದಿದ್ದೀರಲ್ಲ, ಅದು. ಕ್ರಷರ್, ಬಂಡೆ ಡ್ರಿಲ್, ಗ್ರಾನೈಟ್ ಕಟಿಂಗ್, ಸಿಮೆಂಟ್ ಶೀಟ್. ಈ ನಾಲ್ಕು ಮಾತು ಗೊತ್ತಿದ್ದರೆ ಎಕ್ಸ್‌ರೇ ಓದುವ ರೀತಿಯೇ ಬದಲಾಗುತ್ತೆ. ನಮ್ಮ ಕಡೆ ಒಪಿಡಿ ಚೀಟಿಯಲ್ಲಿ ಕೆಲಸದ ಜಾಗದಲ್ಲಿ ‘ಕೂಲಿ’ ಅಂತ ಒಂದೇ ಪದ ಇರುತ್ತೆ. ಹೊಲದ ಕೂಲಿಯೋ, ಹಮಾಲಿಯೋ, ಕಲ್ಲು ಕೊರೆಯುವ ಕೂಲಿಯೋ ಅಂತ ಕೇಳುವಷ್ಟು ಪುರುಸೊತ್ತು ಗಿಜಿಗುಡುವ ಒಪಿಡಿಯಲ್ಲಿ ಸಿಗೋದು ಕಷ್ಟ. ಹೀಗೆ ಕೇಳದೇ ಉಳಿದ ಪ್ರಶ್ನೆಯಿಂದಲೇ ಎಷ್ಟೋ ಜನರಿಗೆ ತಪ್ಪು ಹೆಸರಿನ ಕಾಯಿಲೆ ಅಂಟಿಕೊಳ್ಳುತ್ತೆ.

ಕಲ್ಲು, ಮರಳು, ಕಾಂಕ್ರೀಟು, ಟೈಲ್ಸ್, ಇವುಗಳಲ್ಲಿ ಸಿಲಿಕಾ ಅನ್ನುವ ವಸ್ತು ಇರುತ್ತೆ. ಸಿಲಿಕಾ ಹರಳಾಗಿರುವ ರೂಪಕ್ಕೆ ಕ್ವಾರ್ಟ್ಸ್ ಅಂತಾರೆ. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಜಾಸ್ತಿ ಕ್ವಾರ್ಟ್ಸ್ ಇರುತ್ತೆ. ಈಚೆಗೆ ಅಡುಗೆಮನೆ ಕಟ್ಟೆಗೆ ಹಾಕಿಸುವ ಕೃತಕ ಕ್ವಾರ್ಟ್ಸ್ ಕಲ್ಲಿನಲ್ಲಿ 90 ಶೇಕಡಾ ದಾಟಿರುವುದೂ ಉಂಟು. ಅದನ್ನು ಕತ್ತರಿಸುವ ಹುಡುಗರಿಗೆ ಶ್ವಾಸಕೋಶ ಬೇಗ ಕೆಡುತ್ತಿದೆ ಅಂತಲೇ ಆಸ್ಟ್ರೇಲಿಯಾ 2024ರ ಜುಲೈನಿಂದ ಆ ಕಲ್ಲನ್ನು ನಿಷೇಧಿಸಿತು. ನಮ್ಮೂರಲ್ಲಿ ಅದೇ ಕಲ್ಲನ್ನು ಬಾಗಿಲು ಮುಚ್ಚಿದ ರೂಮಿನೊಳಗೆ ಒಣದಾಗಿ ಕಟ್ ಮಾಡುವುದನ್ನು ಈಗಲೂ ನೋಡುತ್ತೇನೆ. ನೋಡಿದಾಗೆಲ್ಲ ಸಂಕಟ ಆಗುತ್ತೆ.

ಕಣ್ಣಿಗೆ ಕಾಣುವ ಧೂಳು ದೊಡ್ಡ ಸಮಸ್ಯೆ ಅಲ್ಲ. ಅದು ಮೂಗಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಕಫದಲ್ಲಿ ಹೊರಗೆ ಬರುತ್ತೆ. ತೊಂದರೆ ಕೊಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ನಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಅದು ಉಸಿರಿನ ಜೊತೆ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಇಳಿಯುತ್ತೆ. ಅಲ್ಲಿ ಕಸ ನುಂಗಿ ಸ್ವಚ್ಛ ಮಾಡುವ ಕಾವಲು ಕಣಗಳಿವೆ. ಅವು ಸಿಲಿಕಾವನ್ನೂ ನುಂಗುತ್ತವೆ. ಆದರೆ ಅರಗಿಸಿಕೊಳ್ಳಲು ಆಗದೆ ಸಾಯುತ್ತವೆ. ಸತ್ತಾಗ ಆ ಹರಳು ಮತ್ತೆ ಆಚೆ ಬೀಳುತ್ತೆ. ಇನ್ನೊಂದು ಕಾವಲು ಕಣ ಬಂದು ನುಂಗುತ್ತೆ, ಅದೂ ಸಾಯುತ್ತೆ. ಪ್ರತಿ ಸಲ ಅಲ್ಲೊಂದು ಸಣ್ಣ ಗಾಯ. ಗಾಯ ಒಣಗಿದ ಕಡೆ ಗಟ್ಟಿ ಗಂಟು. ಇದೇ ಸಿಲಿಕೋಸಿಸ್.

ನಿಮ್ಮ ಅಪ್ಪನ ಮಾತಿಗೆ ಉತ್ತರವೂ ಇಲ್ಲೇ ಇದೆ. ಕೆಲಸ ಬಿಟ್ಟರೂ ಒಳಗೆ ಹೋದ ಹರಳು ಬಿಡಲಿಲ್ಲ. ನುಂಗುವುದು, ಸಾಯುವುದು, ಗಾಯ ಆಗುವುದು ನಡೆದೇ ಇರುತ್ತೆ. ಸಾಮಾನ್ಯವಾಗಿ ಧೂಳಿನಲ್ಲಿ ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ದುಡಿದವರಲ್ಲಿ ಈ ಕಾಯಿಲೆ ಕಾಣಿಸುತ್ತೆ. ಧೂಳು ವಿಪರೀತ ಇದ್ದರೆ ಐದಾರು ವರ್ಷಕ್ಕೇ ಬರಬಹುದು. ಕೆಲಸ ಬಿಡುವಾಗ ಎಕ್ಸ್‌ರೇ ಚೆನ್ನಾಗಿದ್ದವರಲ್ಲೂ ಆಮೇಲೆ ಗಂಟು ಕಾಣಿಸಿಕೊಳ್ಳುವುದುಂಟು. ಹಾಗಂತ ಎಲ್ಲರಿಗೂ ಬಂದೇ ಬರುತ್ತೆ ಅಂತ ಅಲ್ಲ. ಎಷ್ಟು ಧೂಳು, ಎಷ್ಟು ವರ್ಷ ಅನ್ನುವುದರ ಮೇಲೆ ಹೋಗುತ್ತೆ. ಅಪ್ಪ ಕೆಲಸ ಬಿಟ್ಟಿದ್ದು ಒಳ್ಳೆಯದೇ ಆಯ್ತು. ಹೊಸ ಧೂಳು ಹೋಗುವುದು ನಿಂತರೆ ಮುಂದಿನ ಅಪಾಯ ಖಂಡಿತ ಕಡಿಮೆ.

ಇನ್ನು ಟಿಬಿ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ನಮ್ಮ ಭಾಗದಲ್ಲಿ ಕಲ್ಲಿನ ಕೆಲಸದವರ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಆಗುವುದೇ ಇಲ್ಲಿ. ಸಿಲಿಕೋಸಿಸ್ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಜಾಸ್ತಿ. ಟಿಬಿಯೂ ಸಾಮಾನ್ಯವಾಗಿ ಅಲ್ಲೇ. ಎಕ್ಸ್‌ರೇಯಲ್ಲಿ ಎರಡೂ ಬಿಳಿ ಚುಕ್ಕಿ, ಬಿಳಿ ಕಲೆ. ಕೆಲಸ ಏನು ಅಂತ ಗೊತ್ತಿಲ್ಲದಿದ್ದರೆ ಟಿಬಿ ಅಂದುಕೊಳ್ಳುವುದು ಸಹಜ, ನಮ್ಮ ದೇಶದಲ್ಲಿ ಟಿಬಿ ಅಷ್ಟು ಸಾಮಾನ್ಯ. ಹಾಗಾಗಿ ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳ ಮಾತ್ರೆ ಶುರುವಾಗುತ್ತೆ. ಕಲೆ ಹೋಗಲ್ಲ. ‘ಮಾತ್ರೆ ಕೆಲಸ ಮಾಡಲಿಲ್ಲ’ ಅಂತ ಮತ್ತೊಂದು ಸುತ್ತು. ಅಪ್ಪನ ಗೆಳೆಯರಿಗೆ ಇದೇ ಆಗಿತ್ತಾ ಅಂತ ಅವರ ಫಿಲ್ಮು, ಕಫದ ವರದಿ ನೋಡದೆ ನಾನು ಹೇಳಲಾರೆ. ಇನ್ನೊಂದು ಸಾಧ್ಯತೆಯೂ ಇದೆ. ಅವರಿಗೆ ಎರಡೂ ಇದ್ದಿರಬಹುದು. ಟಿಬಿ ರೋಗಾಣುವನ್ನು ಹಿಡಿದಿಡುವುದೂ ನಾನು ಮೇಲೆ ಹೇಳಿದ ಆ ಕಾವಲು ಕಣಗಳೇ. ಸಿಲಿಕಾ ಅವುಗಳನ್ನು ಸಾಯಿಸಿದರೆ ಟಿಬಿಗೆ ದಾರಿ ಸಲೀಸು. ಅದಕ್ಕೇ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಬರಬಹುದು.

ಹಾಗಾಗಿ ನಿಮ್ಮ ಅಪ್ಪನ ವಿಷಯದಲ್ಲಿ ‘ಹಳೇ ಟಿಬಿ ಕಲೆ’ ಅನ್ನುವ ಮಾತಿಗೆ ಅಲ್ಲೇ ನಿಲ್ಲಬೇಡಿ. ಟಿಬಿ ಆಗಿಯೇ ಇಲ್ಲ ಅಂದರೆ ಆ ಕಲೆ ಧೂಳಿನದ್ದೂ ಇರಬಹುದು, ಗೊತ್ತಾಗದೆ ಬಂದು ಹೋದ ಟಿಬಿಯೂ ಇರಬಹುದು, ಈಗ ನಡೆಯುತ್ತಿರುವ ಟಿಬಿಯೂ ಇರಬಹುದು. ಬೆಳಿಗ್ಗೆ ಕೆಮ್ಮು ಇದೆ ಅಂದಿದ್ದೀರಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮೊದಲು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಈ ಪರೀಕ್ಷೆ ಉಚಿತ. ಬರೀ ಉಗುಳು ಕೊಟ್ಟರೆ ಪ್ರಯೋಜನ ಇಲ್ಲ, ಆಳದಿಂದ ಕೆಮ್ಮಿ ತೆಗೆದ ಕಫ ಬೇಕು. ಟಿಬಿ ಸಿಕ್ಕರೆ ಔಷಧಿಯೂ ಉಚಿತ, ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತೆ. ಟಿಬಿ ಇಲ್ಲ, ಆದರೆ ಸಿಲಿಕೋಸಿಸ್ ಇದೆ ಅಂತ ಖಚಿತವಾದರೆ, ಮೈಯಲ್ಲಿ ಟಿಬಿ ರೋಗಾಣು ಮಲಗಿದೆಯಾ ಅಂತ ಪರೀಕ್ಷಿಸಿ, ಇದ್ದರೆ ತಡೆ ಔಷಧಿ ಕೊಡುವ ಪದ್ಧತಿ ಟಿಬಿ ಕಾರ್ಯಕ್ರಮದಲ್ಲೇ ಇದೆ. ಇದನ್ನು ನೀವಾಗಿಯೇ ಕೇಳಿ.

ತಪಾಸಣೆ ಯಾಕೆ ಅನ್ನೋದು ಇದರಿಂದ ನಿಮಗೆ ಗೊತ್ತಾಗಿರಬೇಕು. ಸಿಲಿಕೋಸಿಸ್ ಗಂಟನ್ನು ಕರಗಿಸುವ ಔಷಧಿ ಇಲ್ಲ. ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ. ‘ಹಾಗಾದರೆ ಗೊತ್ತಾಗಿ ಏನು ಪ್ರಯೋಜನ’ ಅಂತ ಎಷ್ಟೋ ಮನೆಯವರು ಕೇಳುತ್ತಾರೆ. ಗಂಟಿನ ಜೊತೆ ಬರುವ ಬೇರೆ ಎಷ್ಟೋ ತೊಂದರೆಗೆ ಔಷಧಿ ಇದೆ. ಟಿಬಿಗೆ ಇದೆ. ಬೀಡಿ ಮತ್ತು ಧೂಳು ಸೇರಿ ಉಸಿರುನಾಳ ಬಿಗಿದಿದ್ದರೆ ಇನ್ಹೇಲರ್ ಇದೆ. ಕಿವಿಗೆ ಮಷೀನ್ ಇದೆ. ಕ್ಯಾನ್ಸರ್ ಕೂಡ ಚಿಕ್ಕದಿದ್ದಾಗ ಸಿಕ್ಕರೆ ದಾರಿ ಇದೆ. ಇವನ್ನು ಹುಡುಕುವುದಕ್ಕೆ ಈ ತಪಾಸಣೆ.

ಈಗ ನಂಬಿಕೆಗಳ ಬಗ್ಗೆ ಎರಡು ಮಾತು. ನನ್ನ ಹತ್ತಿರ ಬರುವ ಕ್ರಷರ್ ಕೆಲಸಗಾರರು ‘ದಿನಾ ಸಂಜೆ ಬೆಲ್ಲ ತಿಂತೀನಿ ಸಾರ್, ಧೂಳೆಲ್ಲ ಹೋಗುತ್ತೆ’ ಅನ್ನುತ್ತಾರೆ. ಕೆಲವರು ಬಾಳೆಹಣ್ಣು ಅಂತಾರೆ. ಕೆಲವರು ಎಣ್ಣೆ ಹೊಡೆದರೆ ಒಳಗೆಲ್ಲ ತೊಳೆದು ಹೋಗುತ್ತೆ ಅಂತಾರೆ. ತಿಂದಿದ್ದು, ಕುಡಿದಿದ್ದು ಹೋಗುವುದು ಹೊಟ್ಟೆಗೆ. ಧೂಳು ಇರುವುದು ಶ್ವಾಸಕೋಶದಲ್ಲಿ. ಎರಡಕ್ಕೂ ದಾರಿ ಬೇರೆ. ಬೆಲ್ಲ ತಿಂದರೆ ಗಂಟಲು ಹಗುರ ಅನ್ನಿಸಬಹುದು, ಅಷ್ಟೇ. ಸಾರಾಯಿಯಿಂದ ಅಂತೂ ಟಿಬಿ ಅಪಾಯ ಇನ್ನೂ ಜಾಸ್ತಿ. ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದೆ ಅನ್ನುವವರೂ ಇದ್ದಾರೆ. ಟವೆಲ್ ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತೆ. ಅಪಾಯ ಮಾಡುವ ಸಣ್ಣ ಕಣಕ್ಕೆ ಅದು ಅಡ್ಡಿಯೇ ಅಲ್ಲ. ಹಾಗಾಗಿ ‘ಟವೆಲ್ ಕಟ್ಟುತ್ತಿದ್ದರು, ಏನಾಗಲ್ಲ’ ಅಂತ ಲೆಕ್ಕ ಹಾಕಬೇಡಿ.

ಇನ್ನೊಂದು ಸಿಮೆಂಟ್ ಶೀಟು. ನಮ್ಮ ಕಡೆ ಮನೆ, ಕೊಟ್ಟಿಗೆ, ಶೆಡ್ಡು ಎಲ್ಲದಕ್ಕೂ ಹೊದಿಸುವ ಆ ಬೂದು ಬಣ್ಣದ ಶೀಟುಗಳಲ್ಲಿ ಬಹುಪಾಲಿನಲ್ಲಿ ಆಸ್ಬೆಸ್ಟಾಸ್ ಅನ್ನುವ ನಾರು ಸೇರಿರುತ್ತೆ. ಅದರ ಕೆಳಗೆ ವಾಸ ಮಾಡಿದ ಮಾತ್ರಕ್ಕೆ ಗಾಬರಿ ಆಗಬೇಕಿಲ್ಲ. ಗರಗಸದಲ್ಲಿ ಕೊಯ್ದಾಗ, ತೂತು ಕೊರೆದಾಗ, ಹಳೇ ಶೀಟು ಒಡೆದಾಗ ಆ ನಾರು ಗಾಳಿಗೆ ಬರುತ್ತೆ. ಅಪ್ಪ ಇದನ್ನು ಮಾಡಿದ್ದಾರೆ. ಆಸ್ಬೆಸ್ಟಾಸ್‌ನಿಂದ ಬರುವ ಕಾಯಿಲೆಗಳು ಬಹಳ ತಡ. ಸಾಮಾನ್ಯವಾಗಿ 20ರಿಂದ 40 ವರ್ಷ ಕಳೆದ ಮೇಲೆ. ಶ್ವಾಸಕೋಶದ ಹೊದಿಕೆ ದಪ್ಪ ಆಗಬಹುದು, ಶ್ವಾಸಕೋಶ ಬಿಗಿಯಬಹುದು, ಕೆಲವರಿಗೆ ಕ್ಯಾನ್ಸರ್. ಬೀಡಿ, ಸಿಗರೇಟು ಸೇದಿದವರಲ್ಲಿ ಕ್ಯಾನ್ಸರ್ ಅಪಾಯ ಬಹಳ ಏರುತ್ತೆ. ಸಿಲಿಕಾ ಕೂಡ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ. ಅಪ್ಪ ಬೀಡಿ ಬಿಟ್ಟಿದ್ದು ಅವರ ಶ್ವಾಸಕೋಶಕ್ಕೆ ಅವರು ಮಾಡಿಕೊಂಡ ದೊಡ್ಡ ಉಪಕಾರ. ಇದನ್ನು ಅವರ ಮುಂದೆ ಹೇಳಿ. ಟೆಸ್ಟಿಗೆ ಒಪ್ಪಿಸುವಾಗ ಬೈಗುಳಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ.

ಹೋಗುವ ಮುಂಚೆ ಒಂದು ನೋಟ್‌ಬುಕ್ ತಗೊಂಡು ಅಪ್ಪನ ಜೊತೆ ಒಂದು ಸಂಜೆ ಕೂತುಕೊಳ್ಳಿ. ಯಾವ ವರ್ಷದಿಂದ ಯಾವ ವರ್ಷ, ಯಾವ ಊರು, ಯಾವ ಕೆಲಸ, ಯಾವ ಮಷೀನು, ಮುಚ್ಚಿದ ಜಾಗವೋ ಬಯಲೋ, ನೀರು ಹಾಕುತ್ತಿದ್ದರೋ ಒಣದಾಗಿಯೋ, ಮೇಸ್ತ್ರಿ ಯಾರು, ಜೊತೆಗೆ ಯಾರಿದ್ದರು, ಎಲ್ಲಾ ಬರೆಯಿರಿ. ಇಸವಿ ನೆನಪಾಗದಿದ್ದರೆ ‘ನನ್ನ ಮದುವೆ ಆದ ವರ್ಷ’, ‘ನೀನು ಶಾಲೆಗೆ ಸೇರಿದ ವರ್ಷ’ ಅಂತ ಹಿಡಿಯಿರಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತಲ್ಲ, ಅದರಿಂದ ಲೆಕ್ಕ ಹಾಕುವವರೂ ಇದ್ದಾರೆ. ಅಮೆರಿಕದಲ್ಲಿ ಅಣ್ವಸ್ತ್ರ ತಯಾರಾಗುತ್ತಿದ್ದ ಸರ್ಕಾರಿ ಜಾಗಗಳಲ್ಲಿ ಕಟ್ಟಡ ಕೆಲಸ ಮಾಡಿ ಬಿಟ್ಟವರಿಗೆ ಉಚಿತ ತಪಾಸಣೆ ಕಾರ್ಯಕ್ರಮ ಇದೆ. ಅಲ್ಲಿ ಮೊದಲ ಹೆಜ್ಜೆಯೇ ಇದು. ಕೆಲಸದ ಪರಿಚಯ ಇರುವವರೇ ಕೂತು ಹಳೇ ಕೆಲಸವನ್ನೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಡಾಕ್ಟರ ಪರೀಕ್ಷೆ ಅದರ ನಂತರ. ಮೂರು ವರ್ಷಕ್ಕೊಮ್ಮೆ ಮತ್ತೆ ಕರೆಯುತ್ತಾರೆ. ನಮ್ಮಲ್ಲಿ ಕೆಲಸ ಬಿಟ್ಟ ಗಾರೆಯವರನ್ನು ಹಾಗೆ ಹುಡುಕಿಕೊಂಡು ಬರುವ ವ್ಯವಸ್ಥೆ ಇಲ್ಲ. ಇರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಅದು ಬರುವವರೆಗೆ ಆ ನೋಟ್‌ಬುಕ್ ನೀವೇ ಮಾಡಬೇಕು.

ಹಾಗಾದರೆ ಲ್ಯಾಬಿನ ಪ್ಯಾಕೇಜ್? ಬೇಡ. ಅದರಲ್ಲಿ ರಕ್ತದ ಹತ್ತಾರು ಪರೀಕ್ಷೆ ಇರುತ್ತೆ, ಧೂಳಿನ ಕಾಯಿಲೆ ಅದರಲ್ಲಿ ಒಂದರಲ್ಲೂ ಕಾಣಲ್ಲ. ‘ಕ್ಯಾನ್ಸರ್ ಮಾರ್ಕರ್’ ಅಂತ ಸೇರಿಸಿರುತ್ತಾರೆ. ಶ್ವಾಸಕೋಶದ ಕ್ಯಾನ್ಸರನ್ನು ಮುಂಚೆ ಹಿಡಿಯುವುದಕ್ಕೆ ಅದು ಉಪಯೋಗ ಇಲ್ಲ. ವರದಿಯಲ್ಲಿ ಎಲ್ಲ ನಾರ್ಮಲ್ ಅಂತ ಬಂದು ಅಪ್ಪ ‘ನೋಡಿದೆಯಾ, ನಾನು ಹೇಳಲಿಲ್ವಾ’ ಅಂದರೆ ಅದು ಇನ್ನೂ ದೊಡ್ಡ ನಷ್ಟ.

ಬೇಕಾಗಿರುವುದು ಇಷ್ಟು. ಒಳ್ಳೆಯ ಡಿಜಿಟಲ್ ಎದೆ ಎಕ್ಸ್‌ರೇ. ಬರೀ ವರದಿಯಲ್ಲ, ಫಿಲ್ಮ್ ಕೂಡ ಇಟ್ಟುಕೊಳ್ಳಿ. ಹಿಂದಿನದ್ದನ್ನೂ ತಗೊಂಡು ಹೋಗಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಿಗುವ ಮಾಹಿತಿ ಒಂದರಲ್ಲಿ ಸಿಗಲ್ಲ. ಧೂಳಿನ ಕಾಯಿಲೆಗೆ ಎಕ್ಸ್‌ರೇ ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಫಿಲ್ಮುಗಳಿವೆ. ಅದನ್ನು ಬಲ್ಲ ರೇಡಿಯಾಲಜಿಸ್ಟ್ ಅಥವಾ ಶ್ವಾಸಕೋಶ ತಜ್ಞರಿಗೆ ತೋರಿಸಿದರೆ ಒಳ್ಳೆಯದು. ಎರಡನೆಯದು ಸ್ಪೈರೋಮೆಟ್ರಿ, ನಾವು ‘ಊದುವ ಟೆಸ್ಟು’ ಅನ್ನುತ್ತೇವೆ. ಜೋರಾಗಿ ಉಸಿರು ಎಳೆದು, ಒಂದೇ ಸಮ ಕೊನೆಯವರೆಗೆ ಊದಬೇಕು. ಸರಿಯಾಗಿ ಊದಿಸುವುದೇ ಕಷ್ಟ. ಟೆಕ್ನೀಷಿಯನ್ ತಾಳ್ಮೆಯಿಂದ ಮೂರ್ನಾಲ್ಕು ಸಲ ಮಾಡಿಸಬೇಕು. ಈಚೆಗೆ ಹೃದಯಾಘಾತ ಆಗಿದ್ದರೆ ಅಥವಾ ಕಣ್ಣಿನ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ, ಸ್ವಲ್ಪ ದಿನ ಮುಂದೂಡಬೇಕಾಗುತ್ತೆ. ಒಂದು ಎಚ್ಚರಿಕೆ: ಕಾಯಿಲೆ ಶುರುವಿನಲ್ಲಿ ಊದುವ ಟೆಸ್ಟು ನಾರ್ಮಲ್ ಇರಬಹುದು, ಎಕ್ಸ್‌ರೇಯೂ ನಾರ್ಮಲ್ ಇರಬಹುದು. ‘ಇವತ್ತಿಗೆ ಕಾಣುತ್ತಿಲ್ಲ’ ಅಂತ ಅರ್ಥ, ‘ಇನ್ನು ಬರಲ್ಲ’ ಅಂತ ಅಲ್ಲ. ಆರು ನಿಮಿಷ ನಡೆಸಿ ಆಕ್ಸಿಜನ್ ಎಷ್ಟು ಇಳಿಯುತ್ತೆ ಅಂತ ನೋಡುವುದೂ ಇದರ ಜೊತೆಗೇ ಆಗುತ್ತೆ.

ಕಿವಿಯನ್ನು ಮರೆಯಬೇಡಿ. ಟಿವಿ ಸೌಂಡ್ ವಿಷಯ ನೀವು ಸುಮ್ನೆ ಒಂದು ಸಾಲಲ್ಲಿ ಬರೆದಿದ್ದೀರಿ. ಡ್ರಿಲ್, ಬ್ರೇಕರ್, ಕಟಿಂಗ್ ಮಷೀನಿನ ಸದ್ದು ವರ್ಷಗಟ್ಟಲೆ ಕೇಳಿದವರ ಕಿವಿಯ ಒಳನರ ಸವೆಯುತ್ತೆ, ಮತ್ತೆ ಚಿಗುರಲ್ಲ. ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯುವ ಟೆಸ್ಟು ಮಾಡಿದರೆ ವಯಸ್ಸಿನ ಕಿವುಡೋ ಸದ್ದಿನ ಕಿವುಡೋ ಅಂತ ಅಂದಾಜು ಸಿಗುತ್ತೆ. ಸದ್ದಿನದ್ದಾದರೆ ತೀಕ್ಷ್ಣ ಧ್ವನಿ ಮೊದಲು ಹೋಗುತ್ತೆ. ಮೊಮ್ಮಕ್ಕಳ, ಹೆಂಗಸರ ಮಾತು ಕೇಳಲ್ಲ, ಗಂಡಸರ ಮಾತು ಕೇಳುತ್ತೆ. ಮನೆಯವರು ‘ಬೇಕಂತಲೇ ಕೇಳಿಸಿಕೊಳ್ಳಲ್ಲ’ ಅಂತ ಸಿಟ್ಟಾಗುತ್ತಾರೆ. ಪಾಪ, ಅವರಿಗೆ ನಿಜಕ್ಕೂ ಕೇಳಲ್ಲ. ಉಳಿದಂತೆ ಬಿಪಿ, ಸಕ್ಕರೆ, ಕಿಡ್ನಿಗೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಸಾಕು. ಸಿಲಿಕಾ ಕಿಡ್ನಿಗೂ ತೊಂದರೆ ಕೊಡಬಲ್ಲದು. ಕೀಲು ಊದುವುದು, ಬೆರಳು ಚಳಿಗೆ ಬಿಳಿಚಿಕೊಳ್ಳುವುದು, ಸಿಮೆಂಟಿನಿಂದ ಕೈ ಬಿರಿಯುವುದು, ಇಂಥದ್ದು ಇದ್ದರೆ ಅದನ್ನೂ ಹೇಳಿ. ಈ ಮೂರಕ್ಕೂ ಕೆಲಸದ ಜೊತೆ ಸಂಬಂಧ ಇರಬಹುದು.

ಸಿಟಿ ಸ್ಕ್ಯಾನ್ ಬಗ್ಗೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ, ಆದರೆ ಹೆದರಿಕೆ ಅಳತೆ ಮೀರಿದೆ. ಮಾಮೂಲಿ ಎದೆ ಸಿಟಿಯಲ್ಲಿ ಸುಮಾರು 5ರಿಂದ 7 ಮಿಲಿಸೀವರ್ಟ್ (ವಿಕಿರಣದ ಅಳತೆ) ವಿಕಿರಣ ಬೀಳುತ್ತೆ. ಕಡಿಮೆ ಡೋಸಿನ ಸಿಟಿಯಲ್ಲಿ ಸುಮಾರು ಒಂದೂವರೆ. ಎಕ್ಸ್‌ರೇಯಲ್ಲಿ ಸುಮಾರು 0.1. ನಾವು ಸುಮ್ಮನೆ ಭೂಮಿ ಮೇಲೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4ರಿಂದ 3 ಬೀಳುತ್ತೆ. 61 ವರ್ಷದವರಿಗೆ ಬೇಕಾದ ಕಾರಣಕ್ಕೆ ಮಾಡಿಸಿದ ಒಂದು ಸಿಟಿಯಿಂದ ಆಗುವ ಅಪಾಯ ತೀರಾ ಸಣ್ಣದು. ಕಾರಣ ಇಲ್ಲದೆ ವರ್ಷವರ್ಷ ಮಾಡಿಸುವುದು ಬೇಡ. ಎಕ್ಸ್‌ರೇಯಲ್ಲಿ ಸಂಶಯ ಇದ್ದರೆ, ಅಥವಾ ಎಕ್ಸ್‌ರೇ ಚೆನ್ನಾಗಿದ್ದೂ ದಮ್ಮು ಜಾಸ್ತಿ ಇದ್ದರೆ, ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಇನ್ನೂ ಸೂಕ್ಷ್ಮವಾಗಿ ತೋರಿಸುವ ಸಿಟಿ ಮಾಡಿಸಬೇಕು. ಅಪ್ಪನಿಗೆ ದಮ್ಮೂ ಇದೆ, ಕಲೆಯೂ ಇದೆ. ಹಾಗಾಗಿ ಒಂದು ಸಲ ಮಾಡಿಸುವುದು ಸರಿ ಅಂತ ನನ್ನ ಅಭಿಪ್ರಾಯ.

ಕ್ಯಾನ್ಸರ್ ಹುಡುಕಲು ಕಡಿಮೆ ಡೋಸಿನ ಸಿಟಿ ವರ್ಷಕ್ಕೊಮ್ಮೆ ಅನ್ನುವ ಸಲಹೆ ಅಮೆರಿಕದಲ್ಲಿದೆ. 50ರಿಂದ 80 ವರ್ಷದೊಳಗಿನ, 20 ವರ್ಷ ದಿನಕ್ಕೊಂದು ಪ್ಯಾಕ್ ಲೆಕ್ಕಕ್ಕೆ ಸೇದಿದ, ಬಿಟ್ಟು 15 ವರ್ಷ ಆಗಿರದವರಿಗೆ ಅದು. ಅಪ್ಪ ಆ ಗುಂಪಿಗೆ ಹತ್ತಿರ ಬರುತ್ತಾರೆ. ಆದರೆ ನಮ್ಮಲ್ಲಿ ಒಂದು ತೊಡಕಿದೆ. ಟಿಬಿ ಕಲೆ, ಧೂಳಿನ ಗಂಟು ಎರಡೂ ನಮ್ಮವರಲ್ಲಿ ಸಾಮಾನ್ಯ. ಸಿಟಿಯಲ್ಲಿ ಒಂದು ಚುಕ್ಕೆ ಕಂಡರೆ ಮನೆಯೆಲ್ಲ ಕಂಗಾಲು, ಮತ್ತೆ ಸ್ಕ್ಯಾನು, ಆಮೇಲೆ ಸೂಜಿ ಹಾಕಿ ತುಣುಕು ತೆಗೆಯುವುದು. ಆ ಬಯಾಪ್ಸಿಯಲ್ಲಿ ಶ್ವಾಸಕೋಶಕ್ಕೆ ತೂತಾಗಿ ಗಾಳಿ ಸೋರುವ ಅಪಾಯ ಇದೆ. ಕೆಲಸದ ಇತಿಹಾಸ ಸ್ಪಷ್ಟವಾಗಿದ್ದು, ಚಿತ್ರವೂ ಸಿಲಿಕೋಸಿಸ್‌ನದ್ದೇ ಇದ್ದರೆ ಬಯಾಪ್ಸಿ ಸಾಮಾನ್ಯವಾಗಿ ಬೇಕೇ ಆಗಲ್ಲ. ಬೇಕು ಅಂದರೆ ಯಾಕೆ ಅಂತ ಕೇಳಿ, ಉತ್ತರ ಸಮಾಧಾನ ಆಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಮೊದಲ ಸಿಟಿ ನೋಡಿದ ಮೇಲೆ ಮುಂದಿನದ್ದು ವರ್ಷಕ್ಕೊಮ್ಮೆ ಬೇಕಾ ಅನ್ನುವುದನ್ನು ಅಪ್ಪನನ್ನು ಕೂರಿಸಿಕೊಂಡು, ಅವರ ಮನಸ್ಸನ್ನೂ ಕೇಳಿ ತೀರ್ಮಾನಿಸಿ. ‘ಶ್ವಾಸಕೋಶ ತೊಳೆದು ಧೂಳು ತೆಗೆಯುತ್ತೇವೆ’ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡಿ. ಅದರಿಂದ ಈ ಕಾಯಿಲೆ ವಾಸಿಯಾಗುತ್ತೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ.

ಎಷ್ಟು ದಿನಕ್ಕೊಮ್ಮೆ? ಎಲ್ಲಾ ನಾರ್ಮಲ್ ಬಂದರೆ ಎರಡು ಮೂರು ವರ್ಷಕ್ಕೊಮ್ಮೆ ಎಕ್ಸ್‌ರೇ, ಊದುವ ಟೆಸ್ಟು. ಗಂಟು ಕಂಡರೆ ವರ್ಷಕ್ಕೊಮ್ಮೆ. ನಾನು ನನ್ನ ರೋಗಿಗಳಿಗೆ ಹೇಳುವುದು ಇದನ್ನೇ. ಜೀವನಪೂರ್ತಿ ಇದು ನಡೆಯಬೇಕು. ಜೊತೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ, ನ್ಯುಮೋನಿಯಾ ಲಸಿಕೆಯನ್ನೂ ಡಾಕ್ಟರನ್ನು ಕೇಳಿ ಹಾಕಿಸಿ.

ಎಲ್ಲಿಗೆ ಹೋಗಬೇಕು ಅಂದರೆ, ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಿ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ಶ್ವಾಸಕೋಶ ವಿಭಾಗ ಇರುತ್ತೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ. ಇಲ್ಲಿ ತೀರ್ಮಾನ ಆಗದಿದ್ದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ಕಳಿಸಲು ಹೇಳಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಜೊತೆಗಿರಲಿ.

ಲೇಬರ್ ಕಾರ್ಡಿನ ವಿಷಯ ಸ್ವಲ್ಪ ಬೇಸರದ್ದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ 18ರಿಂದ 60 ವರ್ಷದವರಿಗೆ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಅಪ್ಪ ಕೆಲಸದಲ್ಲಿದ್ದಾಗ ಮಾಡಿಸಿದ್ದರೆ ಹಳೇ ಕಾರ್ಡು, ನವೀಕರಣದ ರಸೀದಿ ಹುಡುಕಿ ಕಾರ್ಮಿಕ ಇಲಾಖೆ ಕಚೇರಿಗೆ ತಗೊಂಡು ಹೋಗಿ. 60 ದಾಟಿದ ನೋಂದಾಯಿತರಿಗೆ ಪಿಂಚಣಿ ಇದೆ, ದೊಡ್ಡ ಕಾಯಿಲೆಗೆ ಸಹಾಯಧನ ಇದೆ. ಅಪ್ಪನಿಗೆ ಯಾವುದು ಅನ್ವಯ ಆಗುತ್ತೆ ಅನ್ನುವುದನ್ನು ಅಲ್ಲೇ ಕೇಳಿ. ಮಾಡಿಸಿಯೇ ಇಲ್ಲದಿದ್ದರೆ ಈಗ ಹೊಸದಾಗಿ ಆಗುವುದಿಲ್ಲ. ಊರಲ್ಲಿ ಈಗಲೂ ಕೆಲಸ ಮಾಡುತ್ತಿರುವ ಅಣ್ಣತಮ್ಮಂದಿರು ಇದ್ದರೆ ಅವರಿಗೆ ಇವತ್ತೇ ಮಾಡಿಸಲು ಹೇಳಿ. ಸಿಲಿಕೋಸಿಸ್, ಆಸ್ಬೆಸ್ಟೋಸಿಸ್ ಎರಡೂ ಕಾನೂನಿನ ಪ್ರಕಾರ ಕೆಲಸದಿಂದ ಬರುವ ಕಾಯಿಲೆಗಳು. ಹಳೇ ನೌಕರರ ಪರಿಹಾರ ಕಾಯ್ದೆಯಲ್ಲೂ ಪಟ್ಟಿಯಲ್ಲಿದ್ದವು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತೋ ಅಲ್ಲಿಯವರೆಗೆ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಕಾರ್ಖಾನೆಯವರಿಗೆ ಅದು ಉಪಯೋಗಕ್ಕೆ ಬರಬಹುದು. ಮೇಸ್ತ್ರಿ ಕೈಕೆಳಗೆ ದಿನಗೂಲಿಗೆ ಶೀಟು ಕೊಯ್ದವರ ದಾಖಲೆ ಇಟ್ಟವರು ಯಾರು? ಅದಕ್ಕೇ ನೋಟ್‌ಬುಕ್ಕು, ಫಿಲ್ಮು, ಡಾಕ್ಟರು ‘ಕೆಲಸದಿಂದ ಬಂದ ಕಾಯಿಲೆ’ ಅಂತ ಬರೆದುಕೊಟ್ಟ ಚೀಟಿ, ಮೂರೂ ಒಂದೇ ಫೈಲಿನಲ್ಲಿ ಇರಲಿ. ಪರಿಹಾರ ಸಿಕ್ಕೇ ಸಿಗುತ್ತೆ ಅಂತ ನಾನು ಆಸೆ ಹುಟ್ಟಿಸಲಾರೆ. ಕಾಗದ ಇಲ್ಲದಿದ್ದರೆ ಅರ್ಜಿ ಹಾಕುವುದೂ ಕಷ್ಟ.

ಇನ್ನು ನಿಮ್ಮ ಅಮ್ಮ. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲಿದೆ. ಹೆಲ್ಪರ್ ಅಂದರೆ ಸಿಮೆಂಟ್ ಚೀಲ ಸುರಿಯುವವರು, ಕಟಿಂಗ್ ಮುಗಿದ ಮೇಲೆ ಪೊರಕೆಯಲ್ಲಿ ಒಣ ಧೂಳು ಗುಡಿಸುವವರು ಅವರೇ. ಗುಡಿಸುವಾಗ ಏಳುವ ಧೂಳು ಕತ್ತರಿಸುವಾಗಿನದ್ದಕ್ಕಿಂತ ಒಳ್ಳೆಯದೇನಲ್ಲ. ಮನೆಗೆ ಬಂದ ಮೇಲೆ ಅಪ್ಪನ ಬಟ್ಟೆ ಕೊಡವಿ ಒಗೆದವರೂ ಅವರೇ ಅಲ್ವಾ? ಆಸ್ಬೆಸ್ಟಾಸ್ ಹೀಗೆ ಬಟ್ಟೆಯಿಂದ ಮನೆಯವರಿಗೂ ತಗುಲಿರುವುದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಸೌದೆ ಒಲೆ ಇದ್ದರೆ ಆ ಹೊಗೆಯೂ ಸೇರುತ್ತೆ. ಅವರು ತಮಗೆ ದಮ್ಮಿದೆ ಅಂತ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಅವರಿಗೂ ಅವತ್ತೇ ಒಂದು ಎಕ್ಸ್‌ರೇ, ಒಂದು ಊದುವ ಟೆಸ್ಟು ಮಾಡಿಸಿ.

ಇವೆಲ್ಲ ಹದಿನೈದು ದಿನದೊಳಗೆ ಮಾಡಿಸಿದರೆ ಸಾಕು, ರಾತ್ರೋರಾತ್ರಿ ಓಡಬೇಕಿಲ್ಲ. ಆದರೆ ಕಫದಲ್ಲಿ ರಕ್ತ ಕಂಡರೆ, ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ, ಕಾಲು ಊದಿಕೊಂಡರೆ ಆ ವಾರವೇ ತೋರಿಸಿ. ಇದ್ದಕ್ಕಿದ್ದಂತೆ ಎದೆಯ ಒಂದು ಪಕ್ಕ ಚುಚ್ಚಿ ನೋವು ಬಂದು ಉಸಿರು ಕಟ್ಟಿದರೆ ಶ್ವಾಸಕೋಶದಿಂದ ಗಾಳಿ ಸೋರಿರಬಹುದು. ಆಗ ಒಂದು ಗಂಟೆಯೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.